ಕೆಲೆಬ್‌ದಿಲ್ ಹೆಸರಿನ ಸಂಧಿ ಬಿಡಿಸಿದಾಗ

ಟೋಲ್ಕಿನ್ ಅವರ 'ಲಾರ್ಡ್ ಆಫ್ ದ ರಿಂಗ್ಸ್' ಓದಿದವರಿಗೆ ಮೋರಿಯಾ (ಕುಳ್ಳರು ಅನ್ನೋ ಜನಾಂಗದ ನೆಲದಡಿಯ ನಗರ) ಮೇಲಿನ ಮೂರು ಶಿಖರ ನೆನಪಿರಬೇಕು. ಎಲ್ಲರ ಬಾಯಲ್ಲಿ ಉಳಿಯುವುದು ಕರಧ್ರಸ್, ಹಿಮ ಸುರಿಸಿ ಉಂಗುರ ಹೊತ್ತು ಹೊರಟ ಇಡೀ ತಂಡವನ್ನು ವಾಪಸ್ ಕಳಿಸಿತಲ್ಲ, ಅದು. ನನಗೆ ಮಾತ್ರ ಪಕ್ಕದ ಕೆಲೆಬ್‌ದಿಲ್ ಮೇಲೇ ಮೋಹ ಜಾಸ್ತಿ. (ಇಂಗ್ಲಿಷ್‌ನಲ್ಲಿ Celebdil ಅಂತ ಬರೆದಿದೆ ಅಂತ ಸೆಲೆಬ್ ಅನ್ನಬೇಡಿ ಮಾರಾಯ್ರೆ, ಈ ಹೆಸರಿನ ಭಾಷೆಯಲ್ಲಿ 'ಸಿ' ಅಕ್ಷರ ಯಾವಾಗಲೂ 'ಕ'.)

ಹೆಸರು ಕಥೆಯ ಎಲ್ಫ್ ಅನ್ನೋ ಜನಾಂಗ ಆಡುವ, ಟೋಲ್ಕಿನ್ ತಾವೇ ಕಟ್ಟಿದ ಸಿಂದಾರಿನ್ ಭಾಷೆಯದು. ಕೆಲೆಬ್ ಅಂದರೆ ಬೆಳ್ಳಿ, ತಿಲ್ ಅಂದರೆ ಚೂಪು ತುದಿ. ಕೂಡಿಸಿದರೆ ಕೆಲೆಬ್‌ತಿಲ್ ಆಗಬೇಕು ಅಲ್ವಾ? ಆಗುವುದಿಲ್ಲ. ಎರಡನೇ ಪದದ 'ತ' ಹೋಗಿ 'ದ' ಬರುತ್ತದೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆಗುವ ಹಾಗೆ. ಮಳೆಗಾಲ, ಕಂಬನಿ ಎಲ್ಲ ಇದೇ ಲೆಕ್ಕ. ಹೈಸ್ಕೂಲಿನಲ್ಲಿ ಆದೇಶ ಸಂಧಿ ಅಂತ ಉರು ಹೊಡೆದೆವಲ್ಲ, ಕ ತ ಪ ಇದ್ದಲ್ಲಿ ಗ ದ ಬ, ಸಿಂದಾರಿನ್‌ನಲ್ಲೂ ಅದೇ ಮೂರು ಜೋಡಿ ಹೀಗೇ ಬದಲಾಗುತ್ತವೆ! ಹಾಗಂತ ಟೋಲ್ಕಿನ್‌ಗೆ ಕನ್ನಡ ಬರುತ್ತಿತ್ತು ಅಂತ ಸುಮ್ನೆ ವಾಟ್ಸಾಪ್‌ನಲ್ಲಿ ಹಬ್ಬಿಸಬೇಡಿ. ಅವರಿಗೆ ಮಾದರಿ ಬ್ರಿಟನ್ನಿನ ವೇಲ್ಸ್ ನಾಡಿನ ವೆಲ್ಶ್ ಭಾಷೆ, ಅಲ್ಲೂ ಪದದ ಮೊದಲ ವ್ಯಂಜನ ಹೀಗೆ ಮೆತ್ತಗಾಗುತ್ತದೆ.

ಕರಧ್ರಸ್ ಕಥೆ ಇನ್ನೂ ಮಜಾ. ಕರನ್ ಅಂದರೆ ಕೆಂಪು, ರಸ್ ಅಂದರೆ ಕೊಂಬು. 'ನ' ಮುಂದೆ 'ರ' ಬಂದರೆ 'ನ' ಉಳಿಯುವುದಿಲ್ಲ, ಅದರ ಜಾಗಕ್ಕೆ 'ಧ' ಬಂದು ಕೂರುತ್ತದೆ. ಒಂದು ಬೆಟ್ಟಕ್ಕೆ ಹೆಸರಿಡಲು ಇಷ್ಟೆಲ್ಲ ಯಾಕೆ ಅನ್ನಿಸಬಹುದು. ಆದರೆ ಹೆಸರು ನೂರಾರು ವರ್ಷ ಜನರ ಬಾಯಲ್ಲಿ ಸವೆದ ಹಾಗೆ ಕೇಳಿಸುವುದು ಈ ಬದಲಾವಣೆಗಳಿಂದಲೇ.

ಬೆಳ್ಳಿಯ ತುದಿಯ ಕೆಲೆಬ್‌ದಿಲ್ ಪೂರ್ತಿ ಕಲ್ಪನೆಯೂ ಅಲ್ಲ. ಟೋಲ್ಕಿನ್ 1911ರಲ್ಲಿ, 19ನೇ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡ್‌ನ ಬೆಟ್ಟಗಳಲ್ಲಿ ನಡೆದಾಡಿದ್ದರು. ಅಲ್ಲಿ ಯುಂಗ್‌ಫ್ರೌ ಬೆಟ್ಟದ ಪಕ್ಕದಲ್ಲಿ ಸಿಲ್ಬರ್‌ಹಾರ್ನ್ ಅಂತ ಶಿಖರವಿದೆ. ಜರ್ಮನ್‌ನಲ್ಲಿ ಅದರ ಅರ್ಥ ಬೆಳ್ಳಿಕೊಂಬು! ತಮ್ಮ ಕನಸಿನ ಕೆಲೆಬ್‌ದಿಲ್ ಅದೇ ಅಂತ ಎಷ್ಟೋ ವರ್ಷಗಳ ನಂತರ ಮಗನಿಗೆ ಬರೆದ ಪತ್ರದಲ್ಲಿ ಹೇಳಿದ್ದಾರೆ.

ಕುಳ್ಳರು ಇದೇ ಶಿಖರವನ್ನು ಜಿರಾಕ್‌ಜಿಗಿಲ್ ಅನ್ನುತ್ತಾರೆ. ತಂಡದಲ್ಲಿದ್ದ ಕುಳ್ಳ ಗಿಮ್ಲಿ ಮೂರೂ ಬೆಟ್ಟದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಜಾಗ ನನಗೆ ತುಂಬಾ ಇಷ್ಟ. ಕುಳ್ಳರ ಭಾಷೆಯ ಪದಗಳ ಬೇರುಗಳು ಹೀಬ್ರೂ ಥರ, ಬರೀ ವ್ಯಂಜನಗಳು. ಅದನ್ನೂ ಹೀಗೇ ಬಿಡಿಸೋಣ ಅಂದರೆ ಸಿಕ್ಕಿರುವ ಪದಗಳೇ ಕಡಿಮೆ. ಕಥೆಯಲ್ಲೂ ಕುಳ್ಳರು ತಮ್ಮ ಭಾಷೆಯನ್ನು ಹೊರಗಿನವರಿಗೆ ಅಷ್ಟು ಸುಲಭಕ್ಕೆ ಕಲಿಸುವುದಿಲ್ಲ ಬಿಡಿ.