ಎಚ್‌ಪಿ ಕೇಳಬೇಡಿ, ಎಷ್ಟು ಡಿಗ್ರಿಯಲ್ಲಿ ಓಡಬೇಕು ಅಂತ ಕೇಳಿ

ಹಾಸನದ ಒಂದು ಫ್ರಿಜ್, ಎಸಿ ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ಹಸು ಸಾಕಿದವರು ಹಾಲು ತಂಪು ಮಾಡಲು ಚಿಲ್ಲರ್ ಮಾಡಿಸಿಕೊಳ್ಳಲು ಬರುತ್ತಾರೆ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಎಷ್ಟು ಎಚ್‌ಪಿ ಹಾಕಿದ್ರೆ ಸಾಕಣ್ಣ?" ಈ ಪ್ರಶ್ನೆಗೆ ನೇರವಾಗಿ ಉತ್ತರ ಕೊಟ್ಟರೆ ಏನಾಗುತ್ತೆ ಅಂತ ಶಾಂತಿಗ್ರಾಮದ ಕಡೆಯ ಒಂದು ಕೊಟ್ಟಿಗೆಯಲ್ಲಿ ನೋಡಿದ್ದೇನೆ.

ಆ ಗೌಡ್ರು ಗುಜರಿಯಿಂದ ಡೀಪ್ ಫ್ರೀಜರಿನ ಅರ್ಧ ಎಚ್‌ಪಿ ಕಂಪ್ರೆಸರ್ ತಂದಿದ್ದರು. ಆರ್-134ಎ ಗ್ಯಾಸಿನದು, ಪ್ಲೇಟ್ ಮೇಲೆ ಎಲ್‌ಬಿಪಿ (ಲೋ ಬ್ಯಾಕ್ ಪ್ರೆಶರ್, ಕಡಿಮೆ ಒತ್ತಡದಲ್ಲಿ ಓಡುವಂಥದ್ದು) ಅಂತ ಇತ್ತು. ಡಿಸ್ಚಾರ್ಜ್ ಬಾಯಿಗೆ ಹೆಬ್ಬೆರಳು ಒತ್ತಿದರೆ ಜೋರಾಗಿ ತಳ್ಳುತ್ತಿತ್ತು. ಆದರೂ ಎಲ್‌ಬಿಪಿ ಅಂತ ಇದ್ದದ್ದಕ್ಕೆ ನಾನು ಓನರ್ ಹತ್ತಿರ ಅನುಮಾನ ಹೇಳಿದೆ. "ಕಸ್ಟಮರ್ ತಂದಿರೋದು, ಹಾಕಿ ಕೊಡು" ಅಂದರು. ತೊಟ್ಟಿಯೊಳಗೆ ತಾಮ್ರದ ಕಾಯಿಲ್ ಸುತ್ತಿ, ವ್ಯಾಕ್ಯೂಮ್ ಮಾಡಿ, ಗ್ಯಾಸ್ ಹಾಕಿ, ಕಾಲು ತೊಟ್ಟಿ ನೀರಿನಲ್ಲಿ ಟ್ರಯಲ್ ನೋಡಿದೆವು. ಚೆನ್ನಾಗಿ ಓಡಿತು. ಕಾಯಿಲ್‌ನ ಮುಕ್ಕಾಲು ಭಾಗ ನೀರಿನ ಮೇಲಿತ್ತು, ಲೋಡೇ ಇರಲಿಲ್ಲ. ಆ ಟ್ರಯಲ್ಲನ್ನು ಲೆಕ್ಕಕ್ಕೆ ಹಿಡಿಯಬಾರದಿತ್ತು.

ಸಂಜೆ ತೊಟ್ಟಿಗೆ 150 ಲೀಟರ್ ಬೋರ್ ನೀರು ತುಂಬಿಸಿದರು. 24 ಡಿಗ್ರಿ ಇತ್ತು. ಹಾಲು ಕರೆದು 100 ಲೀಟರ್‌ನಷ್ಟು ಕ್ಯಾನ್‌ಗಳಲ್ಲಿ ಇಳಿಸಿದರು. ಆನ್ ಮಾಡಿದ ಕೂಡಲೇ ಸಕ್ಷನ್ ಗೇಜಿನ (ಕಾಯಿಲ್‌ನಿಂದ ಕಂಪ್ರೆಸರಿಗೆ ವಾಪಸ್ ಬರೋ ಗ್ಯಾಸಿನ ಒತ್ತಡ ತೋರಿಸೋ ಮೀಟರ್) ಮುಳ್ಳು 45 ಪಿಎಸ್‌ಐಗೆ ನಿಂತುಬಿಟ್ಟಿತು, ಇಳಿಯಲಿಲ್ಲ. ಆ ಗ್ಯಾಸಿಗೆ 45 ಅಂದರೆ ಕಾಯಿಲ್ 10 ಡಿಗ್ರಿಯಲ್ಲಿದೆ ಅಂತ ಅರ್ಥ. ಎಲ್‌ಬಿಪಿ ಮೋಟಾರು ಮೈನಸ್ 23ರ ಆಸುಪಾಸಿಗೆ, ಅಂದರೆ ಬರೀ 2 ಪಿಎಸ್‌ಐಗೆ ಮಾಡಿದ್ದು. ಮೈನಸ್ 10ಕ್ಕೆ, ಸುಮಾರು 15 ಪಿಎಸ್‌ಐಗೆ, ಅದರ ತಾಕತ್ತು ಮುಗಿಯುತ್ತೆ. ಅದಕ್ಕಿಂತ ಒತ್ತಡ ಏರಿದರೆ ಮೋಟಾರಿನ ಮೇಲೆ ಹೊರೆ ಜಾಸ್ತಿ. ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ಸ್ ಏರುತ್ತಾ ಪ್ಲೇಟ್ ಮೇಲಿನ ಅಂಕಿ ದಾಟಿತು. ಹಳ್ಳಿಯ ಸಂಜೆ ವೋಲ್ಟೇಜ್ ಬೇರೆ 180. ಟಕ್ ಅಂತ ಓವರ್‌ಲೋಡ್ ಸ್ವಿಚ್ ಬಿದ್ದು ಮೋಟಾರು ನಿಂತಿತು.

"ಏನಣ್ಣ, ನಿಂತೋಯ್ತಲ್ಲ?"

ತಣ್ಣಗಾಗಲಿ ಅಂದೆ. ಮತ್ತೆ ಎದ್ದಿತು, ಗುಂಯ್ ಅಂದಿತು, ಮತ್ತೆ ಟಕ್. ಕಂಪ್ರೆಸರ್ ಮೈ ಮುಟ್ಟೋಕಾಗುತ್ತಿರಲಿಲ್ಲ. ಸಕ್ಷನ್ ಲೈನಿನ ಹ್ಯಾಂಡ್ ವಾಲ್ವ್ ತಿರುಗಿಸಿ 15ಕ್ಕೆ ಬಿಗಿ ಹಿಡಿದೆ. ಆಗ ಓಡಿತು. ಆದರೆ ಗ್ಯಾಸನ್ನೇ ಕಟ್ಟಿಹಾಕಿದ ಮೇಲೆ ತಂಪು ಎಲ್ಲಿಂದ ಬರಬೇಕು? ಗಂಟೆಗೆ ಎರಡು ಡಿಗ್ರಿ ಇಳಿದರೆ ಹೆಚ್ಚು. ಗೌಡ್ರ ಹೆಂಡತಿ ಕ್ಯಾನ್ ಮುಚ್ಚಳ ತೆಗೆದು ಬೆರಳಿನಿಂದ ಹಾಲು ಮುಟ್ಟಿ ನೋಡಿದರು, ಏನೂ ಮಾತಾಡಲಿಲ್ಲ. ಹಾಲು ಇನ್ನೂ ಬೆಚ್ಚಗೇ ಇತ್ತು. ಎಂಬಿಆರ್‌ಟಿಯಲ್ಲಿ (ಹಾಲು ಕೆಟ್ಟಿದೆಯಾ ಅಂತ ನೀಲಿ ಬಣ್ಣ ಹಾಕಿ ನೋಡೋ ಪರೀಕ್ಷೆ) ಫೇಲಾದರೆ ಇವರ ಇಡೀ ಸಂಜೆಯ ದುಡಿಮೆ ಚರಂಡಿಗೆ.

ಕೊನೆಗೆ ಊರಿಂದ ಗೂಡ್ಸ್ ಆಟೋದಲ್ಲಿ ಐಸ್ ಬ್ಲಾಕ್ ತರಿಸಿದೆವು. 100 ಲೀಟರ್ ಹಾಲಿನ ಕಾವು ಎಳೆಯಲು ಸುಮಾರು 36 ಕೆಜಿ ಐಸ್ ಬೇಕು. ತೊಟ್ಟಿ ನೀರಿಗೆ ಅದಕ್ಕಿಂತ ಜಾಸ್ತಿ. ಅರ್ಧ ನೀರು ಹೊರಗೆ ಬಿಟ್ಟು, ಹಾರೆಯಲ್ಲಿ ಐಸ್ ಒಡೆದು ಸುರಿದೆವು. ಆಯಮ್ಮ ಉದ್ದ ಸೌಟು ಹಿಡಿದು ಒಂದೊಂದೇ ಕ್ಯಾನ್ ತಿರುವುತ್ತಾ ನಿಂತರು. ತಿರುವದಿದ್ದರೆ ಅಂಚಿನ ಹಾಲು ತಣ್ಣಗಾಗಿ ನಡುವಿನದು ಹಾಗೇ ಇರುತ್ತೆ. ಹಾಲು ಉಳಿಯಿತು.

ಆಮೇಲೆ ಓನರ್ ಮುಂದೆ ಲೆಕ್ಕ ಬರೆದಿಟ್ಟೆ. 35ರಿಂದ 5 ಡಿಗ್ರಿಗೆ 100 ಲೀಟರ್ ಹಾಲು ಇಳಿಸಲು ಸುಮಾರು 3.3 ಯೂನಿಟ್ ಶಾಖ ತೆಗೀಬೇಕು. ಮೂರು ಗಂಟೆಯಲ್ಲಿ ಆಗಬೇಕೆಂದರೆ 1.1 ಕಿಲೋವ್ಯಾಟ್ ತಂಪು. ಆ ಫ್ರೀಜರ್ ಕಂಪ್ರೆಸರ್ ತನ್ನ ಮೈನಸ್ 23ರಲ್ಲಿ ಅರ್ಧ ಕಿಲೋವ್ಯಾಟೂ ಕೊಡಲ್ಲ. ಅದು ಕೆಟ್ಟ ಕಂಪ್ರೆಸರ್ ಅಲ್ಲ, ಮಾಂಸ, ಐಸ್‌ಕ್ರೀಮ್ ಇಡೋ ಪೆಟ್ಟಿಗೆಗೆ ಒಳ್ಳೆಯದು. ಹಾಲಿಗಲ್ಲ.

ವಾಟರ್ ಕೂಲರ್ ಜಾತಿಯ ಕಂಪ್ರೆಸರ್ ಹಾಕಿದೆವು. ಕಾಯಿಲ್ ಮೈನಸ್ 5ರಲ್ಲಿದ್ದಾಗ ಒಂದೂವರೆ ಕಿಲೋವ್ಯಾಟ್ ಕೊಡುವಂಥದ್ದು, ಮೋಟಾರು ಏಳುವಾಗ ಜೋರು ಕೊಡೋ ಸ್ಟಾರ್ಟ್ ಕೆಪಾಸಿಟರ್ ಇರುವಂಥದ್ದು. ಲೋ ವೋಲ್ಟೇಜಿಗೆ ಸ್ಟೆಬಿಲೈಜರ್, ನಿಂತ ಮೇಲೆ ಮತ್ತೆ ಏಳಲು ಮೂರು ನಿಮಿಷದ ಡಿಲೇ. ಮಧ್ಯಾಹ್ನ ಮೂರಕ್ಕೇ ಆನ್ ಮಾಡಲು ಹೇಳಿದೆ. ಆರರ ಹೊತ್ತಿಗೆ ನೀರು 2 ಡಿಗ್ರಿಗೆ ಬಂದಿರುತ್ತೆ. ಹಾಲು ಬಂದಾಗ ಅರ್ಧ ಕೆಲಸ ಮುಗಿದಿರುತ್ತೆ, ಅಲ್ವಾ?

ಹಳೇ ಒಂದು ಟನ್ ಎಸಿ ಕಂಪ್ರೆಸರ್ ಹಾಕಬಹುದಲ್ಲ ಅಂತ ಕೇಳುವವರೂ ಇದ್ದಾರೆ. ಒಂದು ಟನ್ ಅಂದರೆ 3.5 ಕಿಲೋವ್ಯಾಟ್ ಹೌದು. ಆದರೆ ಅದು ಕಾಯಿಲ್ ಸುಮಾರು 7 ಡಿಗ್ರಿಯಲ್ಲಿದ್ದಾಗ. ಮೈನಸ್ 5ಕ್ಕೆ ಇಳಿಸಿದರೆ ಮೂರರಲ್ಲಿ ಒಂದು ಪಾಲು ಹೋಗುತ್ತೆ. ಎಸಿಯಲ್ಲಿ ಬರೋ ರೋಟರಿ ಜಾತಿಯ ಕಂಪ್ರೆಸರಿಗೆ ಎಳೆದು ಏಳುವ ಶಕ್ತಿ ಕಮ್ಮಿ, 180 ವೋಲ್ಟಿನಲ್ಲಿ ಸುಮ್ನೆ ಗುಂಯ್‌ಗುಡುತ್ತೆ. ಹಳೆಯದು ಆರ್-22 ಆಗಿದ್ದರೆ ಆ ಗ್ಯಾಸಿನ ಕಾಲವೇ ಮುಗೀತಾ ಬಂದಿದೆ, 2030ಕ್ಕೆ ಅದನ್ನು ನಿಲ್ಲಿಸುವುದು ಅಂತ ಆಗಿದೆ. ಹೊಸ ತೊಟ್ಟಿಗೆ ಅದನ್ನು ಹಾಕಿಸಬೇಡಿ.

ನಮ್ಮ ಜಾಬ್ ಕಾರ್ಡಿನಲ್ಲಿ ಕಂಪ್ರೆಸರ್ ಎದುರು ಎಚ್‌ಪಿಗೆ ಮಾತ್ರ ಜಾಗ ಇದೆ. ಲೀಟರ್ ಎಷ್ಟು, ಎಷ್ಟು ಗಂಟೆಯಲ್ಲಿ, ಸಂಜೆ ವೋಲ್ಟೇಜ್ ಎಷ್ಟು, ಎಲ್‌ಬಿಪಿಯೋ ಎಚ್‌ಬಿಪಿಯೋ (ಹೈ ಬ್ಯಾಕ್ ಪ್ರೆಶರ್, ಹೆಚ್ಚು ಒತ್ತಡದಲ್ಲಿ ಓಡುವಂಥದ್ದು) ಅಂತ ನಾಲ್ಕು ಕಾಲಂ ಸೇರಿಸಿ ಅಂತ ಓನರ್‌ಗೆ ಹೇಳಿದ್ದೇನೆ. ಹಳೇ ಬುಕ್ ಖಾಲಿಯಾಗಲಿ ಅಂದಿದ್ದಾರೆ. ಅಲ್ಲಿವರೆಗೂ ಹಿಂಬದಿಯಲ್ಲಿ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಬರೆಯದೆ ಕೆಲಸ ಹಿಡಿಯುತ್ತಿಲ್ಲ.