ಎಲೀಯನಿಗೆ ಮೊದಲು ದೊರೆತದ್ದು ರೊಟ್ಟಿ

ನನ್ನ ತಾಯಿಯವರು ಹಾಸಿಗೆ ಹಿಡಿದು ಏಳು ತಿಂಗಳಾಯಿತು. ಹಗಲು ಕೆಲಸ, ರಾತ್ರಿ ಅವರ ಆರೈಕೆ, ಇವೆರಡರ ನಡುವೆ ನನ್ನ ಪ್ರಾರ್ಥನೆ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಾ ಬಂದು, ಕೊನೆಗೆ 'ಕರ್ತನೇ' ಎಂಬ ಒಂದೇ ಮಾತಿನಲ್ಲಿ ನಿಂತುಹೋಯಿತು. ಮಂಡಿಯೂರಿದರೆ ಅಲ್ಲಿಯೇ ತೂಕಡಿಕೆ. ಮಂಚದ ಪಕ್ಕದ ಮೇಜಿನ ಮೇಲೆ ತೆರೆದಿಟ್ಟ ಸತ್ಯವೇದ (ಬೈಬಲ್) ಎಷ್ಟೋ ವಾರ ಒಂದೇ ಪುಟದಲ್ಲಿತ್ತು. ಔಷಧದ ಲೋಟವನ್ನು ಅದರ ಮೇಲೆಯೇ ಇಟ್ಟಿದ್ದರಿಂದ ಆ ಪುಟದಲ್ಲಿ ಒಂದು ದುಂಡನೆಯ ಕಲೆ ಉಳಿದಿದೆ. ವಿಶ್ವಾಸ ಗಟ್ಟಿಯಾಗಿದ್ದರೆ ಮನುಷ್ಯ ಹೀಗೆ ಕುಗ್ಗುವುದಿಲ್ಲ ಎಂದು ಹಿತಚಿಂತಕರೊಬ್ಬರು ಆಗ ಹೇಳಿದರು. ಆ ಮಾತು ಬಹಳ ದಿನ ಚುಚ್ಚುತ್ತಿತ್ತು.

ಆ ಪುಟದಲ್ಲಿದ್ದದ್ದು ಒಂದನೆಯ ಅರಸುಗಳು ಗ್ರಂಥದ 19ನೆಯ ಅಧ್ಯಾಯ. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಣ್ಣಾರೆ ಕಂಡ ಪ್ರವಾದಿ ಎಲೀಯನು, ಈಜೆಬೆಲ್ ರಾಣಿಯ ಬೆದರಿಕೆಗೆ ಅಂಜಿ ಬೇರ್ಷೆಬಕ್ಕೆ ಓಡಿ, ಸೇವಕನನ್ನು ಅಲ್ಲಿಯೇ ಬಿಟ್ಟು, ಒಂದು ದಿನದ ದಾರಿಯಷ್ಟು ಅರಣ್ಯದೊಳಕ್ಕೆ ನಡೆದು, ಗಿಡವೊಂದರ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವರು ಅವನನ್ನು ಗದರಿಸಲಿಲ್ಲ. ದೇವದೂತನು ತಟ್ಟಿ ಎಬ್ಬಿಸಿದಾಗ ತಲೆಯ ಬಳಿ ಕೆಂಡದ ಮೇಲೆ ಸುಟ್ಟ ರೊಟ್ಟಿಯೂ ತಂಬಿಗೆ ನೀರೂ ಇದ್ದವು. ಅವನು ತಿಂದು, ಕುಡಿದು, ಮತ್ತೆ ಮಲಗಿದನು, ಅದಕ್ಕೂ ಆಕ್ಷೇಪವಿಲ್ಲ. ಎರಡನೆಯ ಸಲ ಎಬ್ಬಿಸಿದ ದೂತನು, ನಿನ್ನ ಮುಂದಿರುವ ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು ಎಂದು ತಾನೇ ಒಪ್ಪಿಕೊಳ್ಳುತ್ತಾನೆ. ಇಲ್ಲಿಗೆ ಏಕೆ ಬಂದೆ ಎಂದು ದೇವರು ಕೇಳುವುದು 40 ದಿನಗಳ ನಡಿಗೆಯ ನಂತರ, ಹೋರೇಬ್ ಬೆಟ್ಟದಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಕ್ರಮವೇ: ಮೊದಲು ರೊಟ್ಟಿ ಮತ್ತು ನಿದ್ದೆ, ಪ್ರಶ್ನೆ ಆಮೇಲೆ.

ಒಂದು ಸಂಜೆ ನಮ್ಮ ಸಭೆಯ ಹಿರಿಯ ಸಹೋದರಿಯೊಬ್ಬರು ಬಂದರು. ನನ್ನ ಮುಖ ನೋಡಿ, "ನೀನು ಹೋಗಿ ಮಲಗಮ್ಮ, ಅಮ್ಮನ ಹತ್ತಿರ ನಾನಿರುತ್ತೇನೆ" ಎಂದರು. ವಾಕ್ಯ ಹೇಳಲಿಲ್ಲ, ಉಪದೇಶ ಮಾಡಲಿಲ್ಲ. ಬೆಳಿಗ್ಗೆ ಎದ್ದಾಗ ಪಾತ್ರೆಗಳು ತೊಳೆದು ಬೋರಲು ಹಾಕಿದ್ದವು. ಮೇಜಿನ ಮೇಲಿನ ಚೀಟಿಯಲ್ಲಿ ಮಾತ್ರೆ ಕೊಟ್ಟ ಹೊತ್ತು ಬರೆದಿತ್ತು: ರಾತ್ರಿ 10, ಬೆಳಗಿನ ಜಾವ 4. ತಾಯಿಯ ಗುಣಕ್ಕಾಗಿ ತಿಂಗಳುಗಟ್ಟಲೆ ಬೇಡಿದ ನನಗೆ ದೇವರು ಅಂದು ಕೊಟ್ಟದ್ದು ಒಂದು ರಾತ್ರಿಯ ನಿದ್ದೆ. ಅದನ್ನು ಉತ್ತರವೆಂದು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾಯಿತು.

ಈಗ ಸತ್ಯವೇದದ ಕೀರ್ತನೆಗಳನ್ನು ಓದುತ್ತಿದ್ದೇನೆ, ದಿನಕ್ಕೆ ಒಂದು, ಕೆಲವು ದಿನ ಅರ್ಧ. 88ನೆಯ ಕೀರ್ತನೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುತ್ತದೆ. ಅದನ್ನೂ ದೇವಜನರು ತಮ್ಮ ಆರಾಧನೆಯ ಹಾಡುಗಳ ನಡುವೆ ಉಳಿಸಿಕೊಂಡಿದ್ದಾರೆ ಎಂಬುದು ನನಗೆ ದೊಡ್ಡ ಧೈರ್ಯ. 13ನೆಯದರಲ್ಲಿ ಇರುವುದು ಆರೇ ವಚನ, ಆದರೆ ಮೊದಲ ಎರಡರಲ್ಲಿಯೇ ದಾವೀದನು 'ಇನ್ನೆಷ್ಟು ಕಾಲ' ಎಂದು ನಾಲ್ಕು ಬಾರಿ ದೇವರನ್ನು ಕೇಳುತ್ತಾನೆ. ನಿನ್ನೆ ಬೆಳಗಿನ ಜಾವ ನಾಲ್ಕರ ಮಾತ್ರೆ ಕೊಟ್ಟ ಮೇಲೆ ಅದನ್ನು ತಾಯಿಯವರಿಗೆ ಮೆಲ್ಲಗೆ ಓದತೊಡಗಿದೆ. ಎರಡನೆಯ 'ಇನ್ನೆಷ್ಟು ಕಾಲ' ಬಂದಾಗ ಅವರು ನನ್ನ ಕೈ ಹಿಡಿದು, "ಅದನ್ನೇ ಇನ್ನೊಂದು ಸಲ ಓದು" ಎಂದರು. ಓದಿದೆ.