ಡ್ರಾಕುಲಾ ಸತ್ತಿದ್ದಾನಾ? ಅಕ್ಕನ ಮನೆ ಜಗಲಿಯ ಜಗಳ

ರಕ್ತ ಹೀರೋದು ಅಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗೋದು ಇಂಬಳ, ಅಂದರೆ ಜಿಗಣೆ. ಅದಕ್ಕೆ ಕೋಟೆ ಬೇಡ, ಕಪ್ಪು ಕೋಟು ಬೇಡ. ತೋಟದಿಂದ ಬಂದು ಕಾಲು ತೊಳೆಯುವಾಗ ನೀರು ಕೆಂಪಾದ ಮೇಲೇ ಗೊತ್ತಾಗೋದು. ಚೂರು ಸುಣ್ಣ ಸೋಕಿಸಿದರೆ ಉದುರಿಹೋಗುತ್ತದೆ, ಅಲ್ಲಿಗೆ ಮುಗೀತು. ಹಾಗಾಗಿ ಈ ಸಲ ಆಷಾಢದಲ್ಲಿ ನಾನು 'ಡ್ರಾಕುಲಾ' ಮತ್ತು ಅದರ ಮುಂದಿನ ಭಾಗ, ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಅಕ್ಕನ ಮನೆಗೆ ಹೋದಾಗ ಭಾವ ಮುಖಪುಟ ನೋಡಿ "ಇದಕ್ಕೆ ಹೆದರೋದಾ ಮಾರಾಯ?" ಅಂತ ನಕ್ಕರು.

ಅಕ್ಕನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ. ನಾನು ಹೋದ ಎರಡನೇ ದಿನ ಕರೆಂಟು ಹೋಯಿತು. ಅದರ ಹಿಂದೆಯೇ ನೆಟ್‌ವರ್ಕೂ ಹೋಯಿತು. ನಾಲ್ಕು ದಿನ ಎರಡೂ ಬರಲಿಲ್ಲ. ಮನೆಯಲ್ಲಿ ಭಾವ, ಅಕ್ಕ, ಇಂಜಿನಿಯರಿಂಗ್ ಓದುವ ಅಕ್ಕನ ಮಗಳು, ಮತ್ತೆ ನನ್ನ ಹಾಗೇ ಮಳೆ ನೋಡಲಿಕ್ಕೆ ಅಂತ ಶಿವಮೊಗ್ಗದಿಂದ ಬಂದಿದ್ದ ನಮ್ಮ ಸೋದರತ್ತೆ. ಅತ್ತೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವರು. ಬೇರೆ ಏನೂ ಮಾಡಲಿಕ್ಕಿಲ್ಲದೆ ಎಲ್ಲರೂ ಓದಲಿಕ್ಕೆ ಶುರು ಮಾಡಿದರು. ನಾನು ವಾಪಸ್ ಬರುವಾಗ ಪುಸ್ತಕ ಎರಡೂ ಅಲ್ಲೇ ಉಳಿದವು. ಚೌತಿ ಹಬ್ಬಕ್ಕೆ ಎಲ್ಲ ಮತ್ತೆ ಸೇರುವ ಹೊತ್ತಿಗೆ ಅವು ಬೂಸ್ಟು ಹಿಡಿದು ಊದಿಕೊಂಡಿದ್ದವು, ಆದರೆ ಎಲ್ಲರೂ ಓದಿ ಮುಗಿಸಿದ್ದರು. ಜಗಳ ಶುರುವಾಗಿದ್ದು ಅಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 'ಡ್ರಾಕುಲಾ' ಅನ್ನುವ ಕಾದಂಬರಿ ಬಂದಿದ್ದು 1897ರಲ್ಲಿ. ಈಗಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿದ್ದು, ಸತ್ತ ಮೇಲೂ ರಕ್ತ ಹೀರಿ ಬದುಕುವ ಒಬ್ಬನ ಕಥೆ. ಬರೆದ ಬ್ರಾಮ್ ಸ್ಟೋಕರ್ ಐರ್ಲೆಂಡಿನವನು, ಲಂಡನ್ನಿನ ಲೈಸಿಯಂ ನಾಟಕ ಮಂದಿರದ ಮ್ಯಾನೇಜರ್. ಟ್ರಾನ್ಸಿಲ್ವೇನಿಯಾಕ್ಕೆ ಒಂದು ಸಲವೂ ಹೋಗದೆ ಅಷ್ಟೆಲ್ಲ ಬರೆದ ಪುಣ್ಯಾತ್ಮ. ಮುಂದಿನ ಭಾಗ ಬಂದಿದ್ದು 2009ರಲ್ಲಿ, ನೂರು ವರ್ಷ ದಾಟಿದ ಮೇಲೆ. ಬರೆದವರು ಇಬ್ಬರು: ಬ್ರಾಮ್‌ನ ವಂಶದವನೇ ಆದ ಡೇಕರ್ ಸ್ಟೋಕರ್, ಮತ್ತೆ ಇಯಾನ್ ಹೋಲ್ಟ್ ಅಂತ ಒಬ್ಬ ಚಿತ್ರಕಥೆಗಾರ. ಹೆಸರು 'ಡ್ರಾಕುಲಾ ದಿ ಅನ್‌ಡೆಡ್', ಅಂದರೆ ಸತ್ತೂ ಸಾಯದವನು. ಬ್ರಾಮ್ ತನ್ನ ಹಸ್ತಪ್ರತಿಗೆ ಮೊದಲು ಇಟ್ಟಿದ್ದ ಹೆಸರೂ 'ದಿ ಅನ್‌ಡೆಡ್' ಅಂತಲೇ. ಮುಂದೆ ಕಥೆ ಬಿಟ್ಟುಕೊಡುತ್ತೇನೆ, ಓದಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಿ.

ಮೊದಲು ಭಾವನ ಮಾತು, ಯಾಕಂದರೆ ಎಲ್ಲರಿಗಿಂತ ಸರಿಯಾದ ಪ್ರಶ್ನೆ ಕೇಳಿದ್ದು ಅವರೇ. ಮೂಲ ಪುಸ್ತಕದಲ್ಲಿ ಡ್ರಾಕುಲಾನ ಬೇಟೆಗೆ ನಿಂತ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಇಡೀ ಹೊತ್ತು ಒಂದೇ ಪಾಠ ಮಾಡುತ್ತಾನೆ: ಎದೆಗೆ ಗೂಟ ಹೊಡೆಯಬೇಕು, ತಲೆ ಕಡಿಯಬೇಕು, ಬಾಯಿಗೆ ಬೆಳ್ಳುಳ್ಳಿ ತುಂಬಬೇಕು. ಡ್ರಾಕುಲಾ ಕಚ್ಚಿ ತನ್ನ ಹಾಗೇ ಮಾಡಿಬಿಟ್ಟ ಪಾಪದ ಲೂಸಿಗೆ ಇಷ್ಟೂ ಮಾಡುತ್ತಾರೆ. ಆದರೆ ಕೊನೆಯಲ್ಲಿ ಡ್ರಾಕುಲಾನ ಸರದಿ ಬಂದಾಗ? ಮೊದಲು ಅವನ ಕೋಟೆಯಲ್ಲಿ ಸಿಕ್ಕಿಬಿದ್ದಿದ್ದ ವಕೀಲ ಜೊನಾಥನ್ ಹಾರ್ಕರ್ ಕುಕ್ರಿಯಿಂದ ಗಂಟಲಿಗೆ ಬೀಸುತ್ತಾನೆ. ಹೌದು, ನಮ್ಮ ಗೂರ್ಖಾಗಳ ಕುಕ್ರಿಯೇ. ಅಮೆರಿಕದ ಕ್ವಿನ್ಸಿ ಮಾರಿಸ್ ಎದೆಗೆ ಚಾಕು ಹಾಕುತ್ತಾನೆ. ಮೈಯೆಲ್ಲ ಧೂಳಾಗಿ ಉದುರಿಹೋಗುತ್ತದೆ, ಕಥೆ ಮುಗೀತು. ಗೂಟ ಎಲ್ಲಿ? ಬೆಳ್ಳುಳ್ಳಿ ಎಲ್ಲಿ? ಬೆಳದಿಂಗಳಲ್ಲಿ ಅವನು ಧೂಳಿನ ರೂಪದಲ್ಲಿ ಬರಬಲ್ಲ ಅಂತ ಅದೇ ವ್ಯಾನ್ ಹೆಲ್ಸಿಂಗ್ ಹಿಂದೆ ಹೇಳಿರುತ್ತಾನೆ ಬೇರೆ.

"ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ ಮಾರಾಯ" ಅಂದರು ಭಾವ. "ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರ ಹತ್ತಿದ ಕೊನೆಗಾರ ನಾಲ್ಕು ಮರ ಬಿಟ್ಟು ಇಳಿದರೆ ಏನಾಗುತ್ತದೆ ಹೇಳು, ಮತ್ತೆ ತೋಟಕ್ಕೆಲ್ಲ ಬರುತ್ತದೆ." ಅಂದರೆ ಎರಡನೇ ಭಾಗ ಬರಲೇಬೇಕಿತ್ತು ಅನ್ನೋದು ಅವರ ವಾದ. ಅವರಿಗೆ ಪುಸ್ತಕವೂ ಇಷ್ಟವಾಯಿತು. ಓಡುತ್ತದೆ, ಬಡಿದಾಟ ಇದೆ, ಸಿನಿಮಾ ನೋಡಿದ ಹಾಗೆ ಆಗುತ್ತದೆ, ಇನ್ನೇನು ಬೇಕು ಅಂದರು.

ಅತ್ತೆಗೆ ಮಾತ್ರ ಕೆಂಡದಂಥ ಸಿಟ್ಟು. ಅಂಚಿನಲ್ಲೆಲ್ಲ ಪೆನ್ಸಿಲಿನಿಂದ ಗೀಚಿ ಇಟ್ಟಿದ್ದರು, ನನ್ನ ಪುಸ್ತಕ ಅನ್ನುವ ದಾಕ್ಷಿಣ್ಯವೂ ಇಲ್ಲ. ಹೊಸ ಪುಸ್ತಕದ ಕಥೆ ನಡೆಯೋದು 1912ರಲ್ಲಿ. ಹಾರ್ಕರ್ ದಂಪತಿಯ ಮಗ, ಆ ಮಾರಿಸ್‌ನ ಹೆಸರನ್ನೇ ಇಟ್ಟುಕೊಂಡ ಕ್ವಿನ್ಸಿ, ಕಾನೂನು ಓದೋದು ಬಿಟ್ಟು ನಾಟಕದ ಹಿಂದೆ ಬಿದ್ದಿದ್ದಾನೆ. ಜೊನಾಥನ್ ಕುಡುಕನಾಗಿದ್ದಾನೆ. ಹಿಂದೆ ಡ್ರಾಕುಲಾನ ಬೇಟೆಗೆ ಜೊತೆಗಿದ್ದ ಡಾಕ್ಟರ್ ಸೀವರ್ಡ್‌ಗೆ ಮಾರ್ಫಿನ್ ಚಟ. ಜೊನಾಥನ್‌ನ ಹೆಂಡತಿ ಮೀನಾಗೆ ಮಾತ್ರ ವಯಸ್ಸೇ ಆಗಿಲ್ಲ. ಲಂಡನ್ನಿನಲ್ಲಿ ಸಾಲು ಕೊಲೆ ಮಾಡಿ ಸಿಗದೇ ಹೋದ ಜ್ಯಾಕ್ ದಿ ರಿಪ್ಪರ್‌ನ ಕೊಲೆಗಳನ್ನೂ ಇದರೊಳಗೆ ಎಳೆದು ತಂದಿದ್ದಾರೆ. ಆ ಕೊಲೆಗಳು ಆಗಿದ್ದು 1888ರಲ್ಲಿ, ಅದಕ್ಕೆ ಹೊಂದಲಿ ಅಂತ ಮೂಲ ಕಥೆಯನ್ನೂ 1888ಕ್ಕೆ ತಳ್ಳಿದ್ದಾರೆ.

"ಮೂಲದಲ್ಲಿ ಡೈರಿಗೆ ತಾರೀಖು ಮಾತ್ರ ಇದೆ, ವರ್ಷ ಇಲ್ಲ. ಇವರು ಅದೇ ಸಂದು ಅಂತ ನುಗ್ಗಿದ್ದು" ಅಂದರು ಅತ್ತೆ. "ಆದರೆ ವ್ಯಾನ್ ಹೆಲ್ಸಿಂಗ್ ಒಂದು ಕಡೆ ಶಾರ್ಕೋ ಬಗ್ಗೆ ಮಾತಾಡುವಾಗ 'ಅಯ್ಯೋ, ಅವನು ಈಗಿಲ್ಲವಲ್ಲ' ಅಂತಾನೆ. ಶಾರ್ಕೋ, ಆ ಫ್ರೆಂಚ್ ಡಾಕ್ಟರು, ಸತ್ತಿದ್ದು 1893ರಲ್ಲಿ ಕಣೋ. 1888ರಲ್ಲಿ ಅವನಿಗೆ ಹೇಗೆ ಗೊತ್ತಾಯಿತು?" ನಮಗ್ಯಾರಿಗೂ ಶಾರ್ಕೋ ಗೊತ್ತಿರಲಿಲ್ಲ. ಸುಮ್ನೆ ತಲೆ ಆಡಿಸಿದೆವು. ಭಾವ ಎದ್ದು ಕವಳ ಹಾಕಲಿಕ್ಕೆ ಹೋದರು.

ವರ್ಷದ ತಪ್ಪು ನನಗೆ ಅಷ್ಟು ದೊಡ್ಡದು ಅನ್ನಿಸಲಿಲ್ಲ. ಅತ್ತೆಯ ಇನ್ನೊಂದು ಸಿಟ್ಟು ಸರಿ ಅನ್ನಿಸಿತು. ಹೊಸ ಪುಸ್ತಕದಲ್ಲಿ ಡ್ರಾಕುಲಾ ಕೆಟ್ಟವನೇ ಅಲ್ಲ! ಅವನು ದೇವರ ಪರವಾಗಿ ಹೋರಾಡುವ ವೀರ, ನಿಜವಾದ ರಾಕ್ಷಸಿ ಎಲಿಜಬೆತ್ ಬಾಥೊರಿ ಅನ್ನುವ ಹಂಗೇರಿಯ ರಾಣಿಯಂಥವಳು. ಸಾಲದು ಅಂತ ಕ್ವಿನ್ಸಿಯ ನಿಜವಾದ ಅಪ್ಪನೂ ಡ್ರಾಕುಲಾನೇ. "ನಮ್ಮ ಹಳೇ ಸಿನಿಮಾದಲ್ಲಿ ಕೊನೇ ರೀಲಿನಲ್ಲಿ ಮಚ್ಚೆ ನೋಡಿ ಅಪ್ಪ ಮಗ ಒಂದಾಗ್ತಾರಲ್ಲ, ಅಷ್ಟೇ ಇದು" ಅಂದರು ಅತ್ತೆ. ಕಥೆ ಕೊನೆಗೆ ಹೋಗಿ ಮುಟ್ಟೋದು ಯಾವ ಹಡಗಿಗೆ ಗೊತ್ತಾ? ಟೈಟಾನಿಕ್‌ಗೆ.

ಮನೆತನದವನೇ ಬರೆದ ಅನ್ನೋದಕ್ಕೂ ಜಗಳ ಆಯಿತು. ಅಜ್ಜನ ತೋಟ ಮೊಮ್ಮಕ್ಕಳು ನೋಡಿಕೊಂಡರೆ ತಪ್ಪೇನು ಅಂತ ಭಾವ. ನೋಡಿಕೊಳ್ಳಲಿ, ಅಡಿಕೆ ಕಡಿದು ರಬ್ಬರ್ ಹಾಕೋದು ಯಾಕೆ ಅಂತ ಅತ್ತೆ. ಆ ಮನೆಯವರಿಗೆ ಹೊಟ್ಟೆಯುರಿ ಇರೋದು ನಿಜ. 1922ರಲ್ಲಿ ಜರ್ಮನಿಯವರು ಕೇಳದೆ ಇದೇ ಕಥೆಯನ್ನು 'ನೊಸ್ಫೆರಾತು' ಅಂತ ಸಿನಿಮಾ ಮಾಡಿದರು. ಬ್ರಾಮ್‌ನ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋಗಿ ಗೆದ್ದರು, ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ಆದೇಶವೂ ಆಯಿತು, ಆದರೂ ಕೆಲವು ಪ್ರತಿ ಉಳಿದುಕೊಂಡವು. ಅಮೆರಿಕದಲ್ಲಂತೂ ಕಾಪಿರೈಟಿನ ನಿಯಮ ಸರಿಯಾಗಿ ಪಾಲಿಸದೆ ಹಕ್ಕೇ ಕೈತಪ್ಪಿತ್ತು. ಅಷ್ಟು ವರ್ಷ ಊರವರೆಲ್ಲ ಕೊಯ್ದುಕೊಂಡ ತೋಟಕ್ಕೆ ಮನೆಯವನು ಈಗ ಬೇಲಿ ಹಾಕಲಿಕ್ಕೆ ಬಂದರೆ ಬೇಡ ಅನ್ನೋದು ಹೇಗೆ? ಇದರಲ್ಲಿ ನಾನು ಭಾವನ ಕಡೆ. ಬ್ರಾಮ್ ಸ್ಟೋಕರ್‌ನನ್ನೇ ಒಂದು ಪಾತ್ರ ಮಾಡಿ, ಅವನು ಡ್ರಾಕುಲಾ ನಾಟಕ ಆಡಿಸುವ ಹಾಗೆ ಬರೆದಿದ್ದೂ ನನಗೆ ಖುಷಿ ಕೊಟ್ಟಿತು. ಪಾಪ, ನಿಜವಾದ ಬ್ರಾಮ್ ತೀರಿಕೊಂಡಿದ್ದು 1912ರ ಏಪ್ರಿಲ್ 20ಕ್ಕೆ, ಟೈಟಾನಿಕ್ ಮುಳುಗಿ ಐದು ದಿನಕ್ಕೆ.

ಇನ್ನು ಅಕ್ಕನ ಮಗಳು. ಅವಳು ಎರಡನೇ ಭಾಗವನ್ನೇ ಮೊದಲು ಓದಿದಳು, ಮೂಲ ಪುಸ್ತಕ ಅತ್ತೆ ಕೈಲಿತ್ತು ಅಂತ. ಅವಳಿಗೆ ಒಳ್ಳೆಯ ಡ್ರಾಕುಲಾ ಏನೂ ವಿಚಿತ್ರ ಅನ್ನಿಸಲಿಲ್ಲ. ಅವಳು ನೋಡಿದ ಸಿನಿಮಾ, ಸೀರೀಸುಗಳಲ್ಲಿ ರಕ್ತ ಕುಡಿಯುವವರೆಲ್ಲ ಚೆಂದದ ಹುಡುಗರೇ. ಎರಡು ರಾತ್ರಿಯಲ್ಲಿ ಮುಗಿಸಿ "ಚೆನ್ನಾಗಿದೆ ಮಾಮ, ಪಾಪ ಅವನು" ಅಂದಳು. ಅದರಲ್ಲಿ ರಕ್ತ ಕಡಿಮೆಯೇನಿಲ್ಲ. ಆದರೂ ಆರಾಮಾಗಿ ನಿದ್ದೆ ಮಾಡಿದ್ದಾಳೆ. ಆಮೇಲೆ ಮೂಲ ಪುಸ್ತಕ ಸಿಕ್ಕಿತು. ಬೋರು, ಬರೀ ಕಾಗದ, ಡೈರಿ ಅಂತ ಗೊಣಗುತ್ತ ಓದಿದಳು. ಒಂದು ರಾತ್ರಿ ಮಾತ್ರ ಅಮ್ಮನ ಪಕ್ಕ ಹೋಗಿ ಮಲಗಿದಳಂತೆ. ಯಾವ ಜಾಗ ಓದಿ ಗೊತ್ತಾ? ಆ ಹಡಗಿನ ದಿನಚರಿ.

ಓದಿದವರಿಗೆ ನೆನಪಿರಬೇಕು. ಡೆಮೆಟರ್ ಅನ್ನುವ ರಷ್ಯದ ಹಡಗು ಮಣ್ಣು ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಇಂಗ್ಲೆಂಡಿಗೆ ಬರುತ್ತಿದೆ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಯಾರೋ ಉದ್ದಕ್ಕೆ, ತೆಳ್ಳಗೆ ಇರುವ ಮನುಷ್ಯನನ್ನು ನೋಡಿದೆ ಅಂತ ಒಬ್ಬ ನಾವಿಕ ಹೇಳುತ್ತಾನೆ, ಹುಡುಕಿದರೆ ಯಾರೂ ಇಲ್ಲ. ವಿಟ್ಬಿ ದಡಕ್ಕೆ ಹಡಗು ಬಂದು ಬಡಿದಾಗ ಕ್ಯಾಪ್ಟನ್ನಿನ ಹೆಣ, ಕೈ ಎರಡನ್ನೂ ಚುಕ್ಕಾಣಿಗೆ ಕಟ್ಟಿಕೊಂಡು. ಡ್ರಾಕುಲಾ ಅನ್ನುವ ಹೆಸರು ಆ ದಿನಚರಿಯಲ್ಲಿ ಒಂದು ಸಲವೂ ಬರುವುದಿಲ್ಲ.

ಇದನ್ನು ನಮಗೆ ಹೇಳುತ್ತಿರೋದು ಯಾರು ನೋಡಿ. ಕ್ಯಾಪ್ಟನ್ ರಷ್ಯನ್ನಿನಲ್ಲಿ ಬರೆದಿದ್ದು, ಅದನ್ನು ಕಾನ್ಸಲ್ ಆಫೀಸಿನ ಗುಮಾಸ್ತ ಬಾಯಲ್ಲೇ ಇಂಗ್ಲಿಷ್ ಮಾಡಿ ಹೇಳಿದ್ದು, ಪೇಪರಿನ ವರದಿಗಾರ ಬರೆದುಕೊಂಡು ಅಚ್ಚು ಹಾಕಿಸಿದ್ದು, ಮೀನಾ ಕತ್ತರಿಸಿ ತನ್ನ ಡೈರಿಗೆ ಅಂಟಿಸಿದ್ದು. ನಾಲ್ಕು ಬಾಯಿ ದಾಟಿ ಬಂದ ಮಾತು. ನಮ್ಮಲ್ಲಿ ಚೌಡಿ ಕಥೆ, ಕೊಳ್ಳಿದೆವ್ವದ ಕಥೆ ಹೇಳೋದೂ ಹೀಗೇ ಅಲ್ವಾ? ನಾನೇ ಕಂಡೆ ಅನ್ನುವವರು ಯಾರೂ ಇಲ್ಲ. ಅಜ್ಜಯ್ಯನ ಕಾಲದಲ್ಲಿ, ಗದ್ದೆ ಕಾಯಲಿಕ್ಕೆ ಹೋದವನು ಬೆಳಿಗ್ಗೆ ಬಂದು ಮೂರು ದಿನ ಮಾತಾಡಲಿಲ್ಲವಂತೆ, ಆಮೇಲೆ ಅವನ ತಮ್ಮನ ಹತ್ತಿರ ಏನೋ ಅಂದನಂತೆ. ಆ 'ಅಂತೆ' ಇದೆಯಲ್ಲ, ಕಂಬಳಿ ಮುಖದ ಮೇಲೆ ಎಳೆದುಕೊಳ್ಳುವ ಹಾಗೆ ಮಾಡೋದು ಅದೇ. ಮೂಲದಲ್ಲಿ ಮೊದಲ ನಾಲ್ಕು ಅಧ್ಯಾಯ, ಕೋಟೆಯ ಭಾಗ, ಮುಗಿದ ಮೇಲೆ ಡ್ರಾಕುಲಾ ನಮಗೆ ಸರಿಯಾಗಿ ಸಿಗೋದೇ ಇಲ್ಲ. ಕಿಟಕಿ ಹೊರಗೆ ಒಂದು ಬಾವಲಿ, ಬೀದಿಯಲ್ಲಿ ಒಂದು ಮುಖ, ಹೆಚ್ಚಾಗಿ ಅಷ್ಟೇ. ಹೊಸ ಪುಸ್ತಕದವರು ಡೈರಿ, ಕಾಗದ ಎಲ್ಲ ಬಹುಮಟ್ಟಿಗೆ ಬಿಟ್ಟು ನೇರವಾಗಿ ಕಥೆ ಹೇಳಿದ್ದಾರೆ. ಅವನನ್ನು ಜಗಲಿಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಯಾಕಪ್ಪಾ ಹೀಗಾದೆ ಅಂತ ಕೇಳಿ, ಅವನ ಕಷ್ಟ ಸುಖ ಎಲ್ಲ ಬರೆದಿದ್ದಾರೆ. ಕಷ್ಟ ಗೊತ್ತಾದವನಿಗೆ ಹೆದರೋದು ಹೇಗೆ?

ಹೀಗಂತ ನಾನು ಜೋರಾಗಿ ಭಾಷಣ ಮಾಡಿದೆ. ಅತ್ತೆ ಒಪ್ಪಿದರು, ಆದರೆ ಶಾರ್ಕೋನನ್ನು ಮರೆಯಬೇಡ ಅಂದರು. ಭಾವ ಒಪ್ಪಲಿಲ್ಲ. ಹೆದರಲಿಕ್ಕೆ ದುಡ್ಡು ಕೊಟ್ಟು ಪುಸ್ತಕ ತರಬೇಕಾ, ಅಡಿಕೆ ರೇಟು ನೋಡಿದರೆ ಸಾಲದಾ ಅಂದರು. ಒಳಗಿನಿಂದ ಅಕ್ಕ ಇನ್ನೊಂದು ವಿಷಯ ತೆಗೆದಳು. ಅಜ್ಜಿ ಇರುವವರೆಗೆ ಆ ಮನೆಯೊಳಗೆ ಬೆಳ್ಳುಳ್ಳಿ ಬರುವ ಹಾಗಿರಲಿಲ್ಲ. ಅಂದರೆ ಬೆಳ್ಳುಳ್ಳಿಗೆ ಹೆದರುವ ಡ್ರಾಕುಲಾ ನಮ್ಮ ಕಡೆ ಬಂದಿದ್ದರೆ ಮೊದಲು ಹೊಕ್ಕೋದು ಇಲ್ಲಿಗೇ ಅಂತ. ಎಲ್ಲ ನಕ್ಕೆವು. ಒಳ್ಳೆ ಮಾತು, ನನಗೆ ಹೊಳೆದಿರಲಿಲ್ಲ.

ಅಷ್ಟು ಹೊತ್ತಿಗೆ ಸಂಜೆ ಆಗಿತ್ತು. ಮಳೆ ಹೊಳವಾಗಿತ್ತು, ತೋಟದ ಆಚೆ ಬನದ ಕಡೆಯಿಂದ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಅಕ್ಕನ ಮಗಳು ಪುಸ್ತಕ ಮಡಚಿಟ್ಟು ಕೇಳಿದಳು: "ಅಮ್ಮಾ, ಆ ಬನದ ಚೌಡಿ ಇದೆಯಲ್ಲ, ಅದನ್ನ ನಿಜವಾಗಿ ನೋಡಿದ್ದು ಯಾರು?"

ಅಕ್ಕ ದೀಪ ಹಚ್ಚುತ್ತಿದ್ದಳು. ತಿರುಗಿ ನೋಡಲಿಲ್ಲ. "ಮುಸ್ಸಂಜೆ ಹೊತ್ತು ಅದರ ಹೆಸರೆತ್ತಬೇಡ, ಮೊದಲು ಆ ಬಾಗಿಲು ಹಾಕು" ಅಂದಳು.

ಇವಳು ಎದ್ದು ಹೋಗಿ ಹಾಕಿ ಬಂದಳು. ಭಾವನೂ ಏನೂ ತಮಾಷೆ ಮಾಡಲಿಲ್ಲ.